ಕಾದಂಬರಿಯ ಸುಮಿತ್ರೆಗೆ ಮರುಮದುವೆ ಆಗಲೇಬೇಕೇ?

ಪ್ರಶ್ನೆ: ನನಗೆ 48 ವರ್ಷ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಹಳ್ಳಿಯೊಂದರಲ್ಲಿ ನಮ್ಮದು ಅಡಿಕೆ ತೋಟದ ಮನೆ. ಮೂರು ವರ್ಷಗಳ ಹಿಂದೆ, ಮಳೆಗಾಲ ಹಿಡಿಯುವ ಹೊತ್ತಿಗೆ, ಯಜಮಾನರು ಹೃದಯಾಘಾತದಿಂದ ತೀರಿಕೊಂಡರು. ಮಗಳು ಮಂಗಳೂರಿನಲ್ಲಿ ಓದುತ್ತಿದ್ದಾಳೆ, ಅತ್ತೆ ನನ್ನ ಜೊತೆಗಿದ್ದಾರೆ. ಕಳೆದ ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಗಂಡನನ್ನು ಕಳೆದುಕೊಂಡ ಸುಮಿತ್ರೆ ಎಂಬವಳು ಬದುಕನ್ನು ಮತ್ತೆ ಕಟ್ಟಿಕೊಳ್ಳುವ ಕಥೆ ಅದು. 140 ಪುಟವಾಗಿದೆ, ಮುಂದೆ ಹೋಗುತ್ತಿಲ್ಲ. ಓದಿದ ಗೆಳತಿ, “ಕೊನೆಗೆ ಅವಳಿಗೆ ಇನ್ನೊಂದು ಮದುವೆ ಮಾಡಿಸು, ಇಲ್ಲವೇ ದೊಡ್ಡದೊಂದು ಗೆಲುವು ಕೊಡು, ಬರೀ ದುಃಖವನ್ನು ಯಾರು ಓದುತ್ತಾರೆ” ಎಂದಳು. ಬರೆದ ದಿನ ರಾತ್ರಿ ನನಗೆ ನಿದ್ದೆ ಬರುವುದಿಲ್ಲ. “ಅದನ್ನೆಲ್ಲ ಕೆದಕಬೇಡ” ಎನ್ನುತ್ತಾರೆ ಅಮ್ಮ. ಮನೆಯ ಮಾತು ಹೊರಗೆ ಹೋಗುತ್ತದೆಂದು ಭಾವನಿಗೆ ಅಸಮಾಧಾನ. ಇನ್ನು ನಮ್ಮ ಮನೆಮಾತು ಹವ್ಯಕ ಕನ್ನಡ, ಕೆಲಸದವರೊಂದಿಗೆ ತುಳು, ಕಚೇರಿಯಲ್ಲಿ ಮಲೆಯಾಳ. ಸಂಭಾಷಣೆಯನ್ನು ಯಾವುದರಲ್ಲಿ ಬರೆಯಬೇಕೋ ತಿಳಿಯುತ್ತಿಲ್ಲ. ಈ ವಯಸ್ಸಿನಲ್ಲಿ ಇದನ್ನು ಮುಂದುವರಿಸಲೇ, ಇಲ್ಲಿಗೆ ಬಿಡಲೇ?

ಉತ್ತರ: ನಿಮ್ಮ ಪತ್ರವನ್ನೂ ಅದರ ಜೊತೆ ಕಳುಹಿಸಿದ ಐದು ಅಧ್ಯಾಯಗಳನ್ನೂ ಎರಡೆರಡು ಬಾರಿ ಓದಿದೆ. ಕಾಸರಗೋಡಿನಲ್ಲಿ ಕನ್ನಡ ಅಧ್ಯಾಪಕಿಯಾಗಿದ್ದವಳು ನಾನು. ನಿವೃತ್ತಿಯ ಬಳಿಕವೂ ಹಸ್ತಪ್ರತಿಗಳನ್ನು ಓದಿ ತಿದ್ದುವ ಕೆಲಸವನ್ನು ಬಿಟ್ಟಿಲ್ಲ. ಗಂಡನನ್ನೋ ಮಗುವನ್ನೋ ಕಳೆದುಕೊಂಡ, ಮದುವೆ ಮುರಿದ ಹೆಂಗಸು ಮತ್ತೆ ಎದ್ದು ನಿಲ್ಲುವ ಕಥೆಗಳು ನನ್ನ ಮೇಜಿಗೆ ಬರುವಷ್ಟು ಬೇರೆ ಯಾವುವೂ ಬರುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ನಿಮ್ಮದು ನಿಂತ ಜಾಗದಲ್ಲೇ, ಅಂದರೆ ಅರ್ಧದಾರಿಯ ಆಚೀಚೆ, ನಿಂತುಬಿಡುತ್ತವೆ. ನೀವು ಕೇಳಿದ್ದು ನಾಲ್ಕೈದು ಪ್ರಶ್ನೆಗಳಾದರೂ ಬರವಣಿಗೆ ನಿಂತದ್ದಕ್ಕೆ ಕಾರಣ ಒಂದೇ ಎಂದು ನನಗೆ ತೋರುತ್ತದೆ. ಸುಮಿತ್ರೆಯನ್ನು ನೀವು ಅವಸರದಲ್ಲಿ ಗುಣಪಡಿಸಲು ಹೊರಟಿದ್ದೀರಿ, ಅವಳು ಒಪ್ಪುತ್ತಿಲ್ಲ.

ಇದನ್ನು ನಿಮ್ಮ ಮೂರನೆಯ ಅಧ್ಯಾಯದಿಂದಲೇ ತೋರಿಸುತ್ತೇನೆ. ಹದಿಮೂರನೆಯ ದಿನದ ಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋಗಿದ್ದಾರೆ. ಮಳೆ ಹಿಡಿದಿದೆ, ಅಡಿಕೆಗೆ ಮೊದಲ ಮದ್ದು ಬಿಟ್ಟಿಲ್ಲ, ಅಂದರೆ ಸಿಂಪಡಿಸಿಲ್ಲ. ಕೊಳೆರೋಗ ಸೂತಕ ಕಾಯುವುದಿಲ್ಲ ಎಂದು ಸುಮಿತ್ರೆಗೆ ಗೊತ್ತಿದೆ. ಅಂಗಳದ ಕೊನೆಯಲ್ಲಿ ನಿಂತ ಕೆಲಸದ ಐತ್ತಪ್ಪ “ಅಕ್ಕಾ, ಮದ್ದು ಬಿಡಬೇಕಲ್ಲ” ಎಂದು ತಡೆದು ತಡೆದು ಹೇಳುತ್ತಾನೆ. ಅವಳು ಕೊಟ್ಟಿಗೆಯ ಪಕ್ಕದ ಕೋಣೆಯ ಬೀಗ ತೆಗೆದಾಗ ಗೋಡೆಯಲ್ಲಿ ಗಂಡ ಇದ್ದಿಲಿನಿಂದ ಬರೆದಿಟ್ಟ ಲೆಕ್ಕ ಕಾಣುತ್ತದೆ: ಮೈಲುತುತ್ತು (ತಾಮ್ರದ ಸಲ್ಫೇಟ್) 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರು. ಅದರ ಕೆಳಗೆ ವರ್ಷವರ್ಷವೂ ಮದ್ದು ಬಿಟ್ಟ ದಿನಾಂಕಗಳು. ಅವಳು ಎರಡನ್ನೂ ಬೇರೆ ಬೇರೆ ಡ್ರಮ್ಮಿನಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಸುರಿದು, ಅಡುಗೆಮನೆಯಿಂದ ತಂದ ಕತ್ತಿಯನ್ನು ಅದರಲ್ಲಿ ಅದ್ದಿ ತೆಗೆದು ನೋಡುತ್ತಾಳೆ. ಅಲಗಿನಲ್ಲಿ ತಾಮ್ರದ ಕೆಂಪು ಹತ್ತಿದೆ. ಸುಣ್ಣ ಸಾಲದು. ಇನ್ನಷ್ಟು ಸುಣ್ಣ ಹಾಕಿ ಮತ್ತೆ ಅದ್ದುತ್ತಾಳೆ. ಈ ಸಲ ಕತ್ತಿ ಬೆಳ್ಳಗೇ ಇರುತ್ತದೆ. ಇದ್ದಿಲ ತುಂಡೊಂದನ್ನು ತೆಗೆದುಕೊಂಡು ಗಂಡನ ಅಕ್ಷರಗಳ ಕೆಳಗೆ ಆ ದಿನದ ತಾರೀಕು ಬರೆಯುತ್ತಾಳೆ.

ಇಷ್ಟಕ್ಕೆ ನೀವು ಕೊಟ್ಟಿರುವುದು ಅರ್ಧ ಪುಟ. ನಾಲ್ಕನೆಯ ಅಧ್ಯಾಯದ ಮೊದಲ ವಾಕ್ಯವೇ “ಎರಡು ವರ್ಷಗಳಲ್ಲಿ ಸುಮಿತ್ರೆಯ ಹಪ್ಪಳ ಘಟಕ ಊರಿಗೇ ಹೆಸರಾಯಿತು” ಎಂದು ಆರಂಭವಾಗುತ್ತದೆ. ಆ ವಾಕ್ಯಕ್ಕೆ ಬಂದಾಗ ನನಗೆ ನಡೆಯುತ್ತಿದ್ದ ದಾರಿಯಿಂದ ಯಾರೋ ಎತ್ತಿ ಬೇರೆಲ್ಲೋ ಇಳಿಸಿದಂತಾಯಿತು. ಹೊಸ ಬದುಕು ಎಂದು ನೀವು ತೋರಿಸಲು ಬಯಸಿದ್ದು ಕತ್ತಿಯನ್ನು ಎರಡನೆಯ ಬಾರಿ ಅದ್ದಿದ ಕ್ಷಣದಲ್ಲೇ ನಡೆದುಹೋಗಿದೆ. ಹಪ್ಪಳ ಘಟಕವೂ ಸನ್ಮಾನವೂ ಗೆಳತಿಯ ಮಾತಿಗೆ ಹೆದರಿ ಬಂದವು.

ಗೆಳತಿಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅದರ ಹಿಂದೆ ದೀರ್ಘ ಪರಂಪರೆಯಿದೆ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದ, ಗುಲ್ವಾಡಿ ವೆಂಕಟರಾಯರು 1899ರಲ್ಲಿ ಪ್ರಕಟಿಸಿದ ‘ಇಂದಿರಾಬಾಯಿ’ಯೇ ಒಬ್ಬ ಎಳೆಯ ವಿಧವೆಯ ಕಥೆ. ಅವಳು ಮನೆಯ ಸೆರೆಯಿಂದ ಹೊರಬಂದು, ವಿದ್ಯೆ ಕಲಿತು, ಕೊನೆಗೆ ಮರುಮದುವೆಯಾಗುತ್ತಾಳೆ. ವಿಧವಾ ವಿವಾಹಕ್ಕೆ ಕಾನೂನಿನ ಒಪ್ಪಿಗೆ 1856ರಲ್ಲೇ ಸಿಕ್ಕಿದ್ದರೂ ಮನೆಗಳೊಳಗೆ ಅದು ನುಸುಳದೆ ಇದ್ದ ಕಾಲವದು. ಆ ಕೊನೆಯನ್ನು ಬರೆಯಲು ಧೈರ್ಯ ಬೇಕಾಗಿತ್ತು. ಅಂದು ಲೇಖಕರು ಊರನ್ನೇ ಎದುರುಹಾಕಿಕೊಂಡು ಬರೆದ ಕೊನೆ ಇಂದು ಓದುಗರು ಮೊದಲೇ ಊಹಿಸಿಕೊಂಡು ಕೂರುವ ಕೊನೆಯಾಗಿದೆ. ಆದ್ದರಿಂದ ಮರುಮದುವೆ ಬೇಕೇ ಬೇಡವೇ ಎಂದು ಕೇಳಿಕೊಳ್ಳುವ ಮೊದಲು ನಿಮ್ಮ ಸುಮಿತ್ರೆಗೆ ಅದು ಎದುರಿಸಬೇಕಾದ ಸಂಗತಿಯೋ, ಎದುರಿಸಬೇಕಾದ್ದನ್ನೆಲ್ಲ ತಪ್ಪಿಸುವ ಉಪಾಯವೋ ಎಂದು ಕೇಳಿಕೊಳ್ಳಿ. ನಿಮ್ಮ ಐದು ಅಧ್ಯಾಯಗಳಲ್ಲಿ ಅವಳು ಯಾವ ಗಂಡಸನ್ನೂ ಕಣ್ಣೆತ್ತಿ ನೋಡಿದವಳಲ್ಲ. ಹಾಗಿರುವಾಗ ಕೊನೆಯ ಹತ್ತು ಪುಟಗಳಲ್ಲಿ ಬಂದಿಳಿಯುವ ವರ ಅವಳ ಬದುಕಿಗಲ್ಲ, ಪುಸ್ತಕಕ್ಕೆ ಬಂದವನಾಗುತ್ತಾನೆ. ಮುಂದೆ ಎಂದಾದರೂ ಅವಳಲ್ಲಿ ಅಂಥ ಆಸೆ ಮೂಡಿದರೆ ಅದನ್ನು ತಡೆಯಬೇಡಿ. ನಡುವಯಸ್ಸಿನ ವಿಧವೆಯ ಆಸೆಯನ್ನು ಸಂಕೋಚವಿಲ್ಲದೆ ಬರೆದ ಕನ್ನಡ ಪುಟಗಳು ಈಗಲೂ ಕಡಿಮೆಯೇ.

ಮದುವೆಯಿಲ್ಲದೆಯೂ ಇಂಥ ಕಥೆ ನಿಲ್ಲುತ್ತದೆ ಎನ್ನುವುದಕ್ಕೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಸಾಕ್ಷಿ. ಬಾಲವಿಧವೆಯೊಬ್ಬಳು ತಲೆ ಬೋಳಿಸಿಕೊಂಡು, ಮಡಿಯಲ್ಲೇ ಮುದುಕಿಯಾಗಿ, ಹೊರಗಿನಿಂದ ನೋಡಿದರೆ ಏನೂ ಬದಲಾಗದ ಬದುಕನ್ನು ಬಾಳಿದರೂ ಒಳಗಿನಿಂದ ಅವಳು ಆ ಕಟ್ಟುಗಳನ್ನು ದಾಟಿ ಬೆಳೆದ ರೀತಿಯೇ ಅಲ್ಲಿಯ ಹೊಸ ಹುಟ್ಟು. ಎಲ್ಲ ಕಥೆಗಳೂ ಹೊಸ ಬದುಕನ್ನು ತಲುಪಬೇಕೆಂಬ ನಿಯಮವೂ ಇಲ್ಲ. ನಮ್ಮ ಕಾಸರಗೋಡಿನಲ್ಲೇ ಹುಟ್ಟಿದ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾಯಕಿ ನಾದಿರಾಳನ್ನು ಬದುಕಿಸಲಿಲ್ಲ. ಮತ್ತೆ ಆರಂಭಿಸಲು ದಾರಿಗಳನ್ನೆಲ್ಲ ಮುಚ್ಚಿದವರು ಯಾರು ಎಂದು ಓದುಗರು ಎದ್ದು ಕೇಳಬೇಕಾದರೆ ಆ ಸಾವು ಅಲ್ಲಿ ಇರಬೇಕಾಗಿತ್ತು.

ಇನ್ನು ನಿಮ್ಮ ತಾಯಿಯವರ ಆತಂಕ. ಬರೆದ ರಾತ್ರಿ ನಿದ್ದೆ ಬಾರದಿರುವುದು ಕಲ್ಪನೆಯಲ್ಲ. 1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಅವರ ಸಹೋದ್ಯೋಗಿ, ವಿದ್ಯಾರ್ಥಿಗಳಿಂದ ತಮ್ಮ ಬದುಕಿನ ಅತಿ ನೋವಿನ ಘಟನೆಗಳ ಕುರಿತು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆಸಿದರು. ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಭಾರವಾಗಿತ್ತು. ಆದರೆ ಘಟನೆಯನ್ನೂ ಅದರೊಂದಿಗಿನ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಉಳಿದವರಿಗಿಂತ ಕಡಿಮೆ. ಅಂದರೆ ನಿಮ್ಮ ತಾಯಿ ಕಂಡದ್ದೂ ನಿಜ, ಅದೇ ಪೂರ್ತಿಯಲ್ಲ ಎಂಬುದೂ ನಿಜ. ಇದನ್ನು ಎಲ್ಲರಿಗೂ ಒಗ್ಗುವ ಔಷಧಿ ಎಂದು ನಾನು ಹೇಳುವುದಿಲ್ಲ. ಸಾವು ತೀರಾ ಹೊಸದಾಗಿರುವಾಗ ಬರೆಯಲು ಕೂತು ಕುಸಿದವರನ್ನು ಕಂಡಿದ್ದೇನೆ. ನಿಮ್ಮ ಮಟ್ಟಿಗೆ ಮೂರು ವರ್ಷ ಕಳೆದಿದೆ, ತೋಟ ನಡೆಯುತ್ತಿದೆ, ಮನೆ ನಡೆಯುತ್ತಿದೆ. ಸಂಜೆಯ ಬದಲು ಬೆಳಗ್ಗೆ ಬರೆಯಿರಿ. ಬರೆದು ಮುಗಿಸಿದ ಮೇಲೆ ಕೈಗೆ ಕೆಲಸವಿರಲಿ. ನಿದ್ದೆಗೇಡು ವಾರಗಟ್ಟಲೆ ಮುಂದುವರಿದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನ್ನಿಸಿದರೆ ಹಸ್ತಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟು ಮೊದಲು ವೈದ್ಯರನ್ನು ಕಾಣಿರಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಕಾದಂಬರಿ ಅದಕ್ಕೆ ಬದಲಿಯಲ್ಲ.

ಇದಕ್ಕೆ ಹೊಂದಿಕೊಂಡೇ ಇನ್ನೊಂದು ತಪ್ಪು ತಿಳುವಳಿಕೆ ನಿಮ್ಮ ಹಸ್ತಪ್ರತಿಯ ಜೋಡಣೆಯೊಳಗೆ ಸೇರಿಕೊಂಡಿದೆ. ಮೊದಲ ಅಧ್ಯಾಯದಲ್ಲಿ ನಂಬದಿರುವುದು, ಎರಡನೆಯದರಲ್ಲಿ ಸಿಟ್ಟು, ಆಮೇಲೆ ಖಿನ್ನತೆ, ಕೊನೆಗೆ ಒಪ್ಪಿಕೊಳ್ಳುವುದು ಎಂದು ಮೆಟ್ಟಿಲುಗಳನ್ನು ಇಟ್ಟಿದ್ದೀರಿ. ದುಃಖಕ್ಕೆ ಐದು ಹಂತಗಳು ಎಂಬ ಮಾತು ಎಲ್ಲೆಲ್ಲೂ ಓಡಾಡುತ್ತಿದೆ. ಆದರೆ ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಆ ಹಂತಗಳನ್ನು ವಿವರಿಸಿದ್ದು ಸಾವನ್ನು ಎದುರು ನೋಡುತ್ತಿದ್ದ ರೋಗಿಗಳ ಬಗ್ಗೆ, ಹಿಂದೆ ಉಳಿದವರ ಬಗ್ಗೆ ಅಲ್ಲ. ಉಳಿದವರ ಮನಸ್ಸನ್ನು ಹತ್ತಿರದಿಂದ ಕಂಡ ವಿವರಣೆ ನನಗೆ ಸಿಕ್ಕಿದ್ದು ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಮಂಡಿಸಿದ ವಾದದಲ್ಲಿ. ಅವರ ಪ್ರಕಾರ ದುಃಖದಲ್ಲಿರುವವರು ಒಮ್ಮೆ ಕಳೆದುಕೊಂಡದ್ದರ ಕಡೆಗೆ, ಒಮ್ಮೆ ಮುಂದೆ ಮಾಡಬೇಕಾದ ಕೆಲಸಗಳ ಕಡೆಗೆ ತೂಗಾಡುತ್ತಿರುತ್ತಾರೆ. ಆ ತೂಗಾಟವೇ ಅವರನ್ನು ಉಳಿಸುತ್ತದೆ. ಮದ್ದು ಕಲಸುವ ಸುಮಿತ್ರೆಯಲ್ಲಿ ನೀವು ಇದನ್ನೇ ಬರೆದಿದ್ದೀರಿ: ಗೋಡೆಯ ಅಕ್ಷರ ನೋಡುವಾಗ ಅವಳು ಗಂಡನ ಬಳಿ ಇದ್ದಾಳೆ, ಕತ್ತಿ ಅದ್ದುವಾಗ ತೋಟದ ಬಳಿ ಇದ್ದಾಳೆ. ಕಾದಂಬರಿಯುದ್ದಕ್ಕೂ ಅವಳನ್ನು ಹಾಗೆ ತೂಗಲು ಬಿಡಿ. ನಲವತ್ತನೆಯ ಪುಟದಲ್ಲಿ ನಕ್ಕವಳು ನೂರನೆಯ ಪುಟದಲ್ಲಿ ಒಂದು ಅಂಗಿಯ ಗುಂಡಿ ಸಿಕ್ಕಿದ್ದಕ್ಕೆ ದಿನವಿಡೀ ಅಳಬಹುದು. ಓದುಗರಿಗೆ ಅದು ಹಿಂದೆ ಹೋದಂತೆ ಕಾಣದು. ಕಂಡು ಬಲ್ಲವರು ತಲೆದೂಗುತ್ತಾರೆ.

ಭಾವನ ಅಸಮಾಧಾನದ ವಿಷಯದಲ್ಲಿ ನಾನು ನಿಮ್ಮ ಪಕ್ಷವನ್ನೇ ಪೂರ್ತಿಯಾಗಿ ವಹಿಸಲಾರೆ. ಬಹಳ ವರ್ಷಗಳ ಹಿಂದೆ ಒಬ್ಬ ಲೇಖಕಿ ತಂದ ಹಸ್ತಪ್ರತಿಯಲ್ಲಿ ಹೆಸರುಗಳನ್ನು ಬದಲಿಸಿದರೆ ಸಾಕೆಂದು ನಾನೇ ಸಲಹೆ ಕೊಟ್ಟೆ. ಪುಸ್ತಕ ಬಂದ ವಾರದಲ್ಲೇ ಊರವರು ಒಬ್ಬೊಬ್ಬರನ್ನೂ ಗುರುತಿಸಿದರು. ಅವರ ಸ್ವಂತ ತಂಗಿ ವರ್ಷಗಟ್ಟಲೆ ಮನೆಗೆ ಕಾಲಿಡಲಿಲ್ಲ. ತಪ್ಪು ನನ್ನದಾಗಿತ್ತು, ಬೆಲೆ ತೆತ್ತವರು ಅವರಾಗಿದ್ದರು. ಅಲ್ಲಿಂದ ನಾನು ಹೇಳುವುದು ಇಷ್ಟು: ನಿಜ ಬದುಕಿನ ವ್ಯಕ್ತಿಯ ಸ್ವಭಾವವನ್ನು ಇಟ್ಟುಕೊಂಡು ಅವನ ಸಂಬಂಧವನ್ನೂ ವೃತ್ತಿಯನ್ನೂ ಬದಲಿಸಿ, ಇಬ್ಬರನ್ನು ಸೇರಿಸಿ ಒಬ್ಬರನ್ನು ಮಾಡಿ, ನಡೆದ ಜಗಳವನ್ನು ನಡೆಯದ ಸ್ಥಳಕ್ಕೆ ಒಯ್ಯಿರಿ. ಬರೆಯುವಾಗ ಯಾರ ಅನುಮತಿಯನ್ನೂ ಕೇಳಬೇಡಿ, ಮುದ್ರಣಕ್ಕೆ ಕೊಡುವ ಮೊದಲು ಮಗಳಿಗೂ ಅತ್ತೆಗೂ ಓದಿಸಿರಿ. ಅವರದ್ದೂ ಅದೇ ಸಾವು.

ಈ ಮಾತು ಬಂದದ್ದರಿಂದ ಹಸ್ತಪ್ರತಿಯ ಒಂದು ತಪ್ಪನ್ನೂ ಹೇಳಿಬಿಡಬೇಕು. ಐದನೆಯ ಅಧ್ಯಾಯದಲ್ಲಿ ಸುಮಿತ್ರೆಯ ಭಾವ, “ಇನ್ನೊಂದು ಮದುವೆಯಾದರೆ ತೋಟದಲ್ಲಿ ನಿನಗೆ ಹಕ್ಕಿಲ್ಲ” ಎನ್ನುತ್ತಾನೆ. ನಿರೂಪಣೆಯೂ ಅದನ್ನು ಕಾನೂನೆಂದೇ ಒಪ್ಪಿ ಮುಂದುವರಿಯುತ್ತದೆ. 1856ರ ಕಾಯ್ದೆಯಲ್ಲಿ ಅಂಥ ನಿಬಂಧನೆ ಇತ್ತು, ಅದರ ನೆರಳು ಮನೆಗಳಲ್ಲಿ ಇನ್ನೂ ಉಳಿದಿದೆ. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲು ಬರೆಯದೆ ತೀರಿಕೊಂಡವನ ಸ್ವಂತ ಆಸ್ತಿಯಲ್ಲಿ ಹೆಂಡತಿಗೂ ಮಕ್ಕಳಿಗೂ ತಾಯಿಗೂ ಸಮಪಾಲು. ಹೆಂಡತಿಗೆ ಒಮ್ಮೆ ಬಂದ ಪಾಲು ಮುಂದೆ ಅವಳು ಮದುವೆಯಾದಳೆಂದು ಹೋಗುವುದಿಲ್ಲ. ಭಾವನ ಬಾಯಲ್ಲಿ ಆ ಮಾತು ಇರಲಿ. ಸುಮಿತ್ರೆ ಅದನ್ನು ನಂಬಿ ಎಷ್ಟು ವರ್ಷ ಕಳೆದಳು, ನಿಜ ತಿಳಿದ ದಿನ ಏನು ಮಾಡಿದಳು ಎಂಬುದು ನಿಮ್ಮ ಹಪ್ಪಳ ಘಟಕಕ್ಕಿಂತ ಎಷ್ಟೋ ದೊಡ್ಡ ಕಥೆ. ಇನ್ನೂ ಒಂದು ಸಂಗತಿ ನೋಡಿ. ಆ ಲೆಕ್ಕದಂತೆ ಸುಮಿತ್ರೆಯೂ ಅವಳ ಅತ್ತೆಯೂ ಒಂದೇ ತೋಟದ ಸಮಪಾಲುದಾರರಾಗುತ್ತಾರೆ. ಇಪ್ಪತ್ತೈದು ವರ್ಷ ಸೊಸೆಗೆ ಅಕ್ಕಿ ಅಳೆದುಕೊಟ್ಟ ಅತ್ತೆ ಮತ್ತು ಆ ಸೊಸೆ, ಪೋಕುವರವಿಗೆಂದು (ಆಸ್ತಿಯ ದಾಖಲೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲೆಂದು) ವಿಲ್ಲೇಜ್ ಆಫೀಸಿನ ಬೆಂಚಿನ ಮೇಲೆ ಮಲೆಯಾಳದ ಅರ್ಜಿ ಹಿಡಿದುಕೊಂಡು ಪಕ್ಕಪಕ್ಕದಲ್ಲಿ ಕೂತಿರುವ ಚಿತ್ರ ನಿಮ್ಮ ಪುಸ್ತಕದಲ್ಲಿ ಇರಲೇಬೇಕು. ಹೆಂಗಸರ ಬರವಣಿಗೆಯನ್ನು ಅಡುಗೆಮನೆ ಸಾಹಿತ್ಯ ಎಂದು ಬದಿಗೆ ಸರಿಸಿದವರು ಕಾಣದೇ ಹೋದದ್ದು ಇಂಥವನ್ನೇ.

ಆ ಬೆಂಚಿನ ಮೇಲೆ ಅವರಿಬ್ಬರು ಯಾವ ಭಾಷೆಯಲ್ಲಿ ಮಾತನಾಡಬೇಕು? ಮನೆಯಲ್ಲಿ ಒಂದು, ಅಂಗಳದಲ್ಲಿ ಒಂದು, ಕಚೇರಿಯಲ್ಲಿ ಒಂದು ಭಾಷೆ ಆಡುವ ಊರಿನವರಿಗೆ ಇದು ಹಳೆಯ ಸಂಕಟ. ಸಾರಾ ಅವರು ಮನೆಯಲ್ಲಿ ಬೇರೆ ಭಾಷೆ ಆಡುವ ಜನರ ಬದುಕನ್ನು ತಿಳಿಯಾದ ಬರಹದ ಕನ್ನಡದಲ್ಲೇ ಬರೆದರು. ಅದರಿಂದ ಅವರ ಪುಸ್ತಕ ಬೀದರಿನವರೆಗೂ ತಲುಪಿತು, ಜನ ಮಾತ್ರ ಚಂದ್ರಗಿರಿಯ ದಡದವರಾಗಿಯೇ ಉಳಿದರು. ಅದು ಭದ್ರವಾದ ದಾರಿ. ಪೂರ್ತಿ ಹವ್ಯಕದಲ್ಲಿ ಬರೆದರೆ ಮಾತಿನ ಬಿಸುಪು ಉಳಿಯುತ್ತದೆ, ಓದುಗರ ಸಂಖ್ಯೆ ಇಳಿಯುತ್ತದೆ, ಅಪಾರ್ಥಕ್ಕೂ ಎಡೆಯಾಗುತ್ತದೆ. ನಮ್ಮ ಕಡೆಯ ಹವ್ಯಕದಲ್ಲಿ ಹೆಂಗಸರನ್ನು ‘ಅದು’ ಎಂದೇ ಹೇಳುವುದು. ‘ಅಕ್ಕ ಬಂತು’ ಎನ್ನುವುದರಲ್ಲಿ ಅಗೌರವವಿಲ್ಲ. ಸುಮಿತ್ರೆಯ ಅತ್ತೆ ನೆರೆಯವರಲ್ಲಿ “ಅದು ಇನ್ನೂ ಉಂಡಿದಿಲ್ಲೆ” ಎಂದಾಗ ನಿಮಗೂ ನನಗೂ ಕರುಳು ಚುರುಕ್ಕೆನ್ನುತ್ತದೆ. ಧಾರವಾಡದ ಓದುಗರೊಬ್ಬರು ಸೊಸೆಯನ್ನು ಹೀಗಳೆಯುವ ಅತ್ತೆ ಎಂದು ತಿಳಿದಾರು. ನಿರೂಪಣೆಯನ್ನು ಬರಹದ ಕನ್ನಡದಲ್ಲಿಟ್ಟು, ಅತ್ತೆಯ ಬಾಯಿಗೆ ಮಾತ್ರ ಹವ್ಯಕ ಕೊಟ್ಟು, ಆ ‘ಅದು’ ಪ್ರೀತಿಯದ್ದೆಂಬುದು ಸಂದರ್ಭದಿಂದಲೇ ತಿಳಿಯುವಂತೆ ಮಾಡುವುದು ನನಗೆ ಸರಿಕಾಣುತ್ತದೆ. ಪೋಕುವರವಿನಂಥ ಕಚೇರಿಯ ಪದಗಳನ್ನು ಅನುವಾದಿಸಲು ಹೋಗಬೇಡಿ. ಅರ್ಜಿಯೇ ಓದಲು ಬಾರದ ಭಾಷೆಯಲ್ಲಿ ಸಹಿ ಹಾಕಬೇಕಾದವಳ ಇಕ್ಕಟ್ಟು ಆ ಪದ ಹಾಗೆಯೇ ಇದ್ದರೆ ಮಾತ್ರ ಕಾಣುತ್ತದೆ.

ವಯಸ್ಸಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಹೊರಬಂದದ್ದು 1963ರಲ್ಲಿ. ಹದಿವಯಸ್ಸಿನಲ್ಲೇ ವಿಧವೆಯಾದ ನಂಜನಗೂಡು ತಿರುಮಲಾಂಬ ತಾವೇ ಗ್ರಂಥಮಾಲೆ ಕಟ್ಟಿ, ಪತ್ರಿಕೆ ನಡೆಸಿ, ಕಾದಂಬರಿ ಬರೆದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ನಿಮ್ಮ ಹಿಂದೆ ದೊಡ್ಡ ಸಾಲೇ ಇದೆ.

ಪ್ರಕಟಣೆಯ ದಾರಿಗಳನ್ನು ಈಗಲೇ ಯೋಚಿಸುವುದು ಬೇಡವೆಂದೇ ನನ್ನ ಅಭಿಪ್ರಾಯ. ಆದರೂ ಕೇಳುವಿರೆಂದು ಹೇಳುತ್ತೇನೆ. ಮೂರನೆಯ ಅಧ್ಯಾಯವನ್ನೇ ಬೆಳೆಸಿ ಸಣ್ಣಕಥೆಯಾಗಿ ವಿಶೇಷಾಂಕವೊಂದಕ್ಕೆ ಕಳುಹಿಸುವುದು ಒಂದು ದಾರಿ; ಅದರಲ್ಲಿ ಕಾಯುವಿಕೆ ಹೆಚ್ಚು, ನಷ್ಟವಿಲ್ಲ, ಅಪರಿಚಿತ ಓದುಗರ ಅಭಿಪ್ರಾಯವೂ ಸಿಗುತ್ತದೆ. ಕಾದಂಬರಿಯಾಗಿಯೇ ಪ್ರಕಾಶಕರ ಬಳಿ ಹೋದರೆ ಇಂತಿಷ್ಟು ಪ್ರತಿಗಳನ್ನು ಲೇಖಕರೇ ಕೊಳ್ಳಬೇಕೆಂಬ ಶರತ್ತು ಬರುವುದುಂಟು. ಹಕ್ಕುಗಳು ಯಾರಲ್ಲಿ ಉಳಿಯುತ್ತವೆ ಎಂದು ಬರಹದಲ್ಲಿ ನೋಡದೆ ಸಹಿ ಹಾಕಬೇಡಿ. ಸ್ವಂತ ಹಣದಲ್ಲಿ ಅಚ್ಚು ಹಾಕಿಸಿದವರ ಅಟ್ಟದಲ್ಲಿ ಕಟ್ಟುಗಟ್ಟಲೆ ಪುಸ್ತಕ ಉಳಿದದ್ದನ್ನು ನಾನು ತುಂಬಾ ಕಂಡಿದ್ದೇನೆ. ಅಡಿಕೆಯ ದುಡ್ಡನ್ನು ಅದಕ್ಕೆ ಹಾಕುವ ಮೊದಲು ಮಗಳ ಓದಿನ ಖರ್ಚು ಬೇರೆಯಾಗಿಯೇ ಇರಲಿ. ಯಾರಿಗೂ ತೋರಿಸದೆ ನಿಮಗಾಗಿ ಮಾತ್ರ ಬರೆದು ಮುಗಿಸುವುದೂ ಗೌರವದ ಆಯ್ಕೆಯೇ. ಹಾಗೆ ಮಾಡುವುದಾದರೆ ಮೇಲೆ ನಾನು ಹೇಳಿದ ಬದಲಾವಣೆಗಳು ಯಾವುವೂ ಬೇಕಿಲ್ಲ, ಎಲ್ಲವನ್ನೂ ನಡೆದಂತೆಯೇ ಬರೆಯಿರಿ.

ಮುಂದುವರಿಸಲೇ ಬಿಡಲೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಮುಂದುವರಿಸಿ, ಆದರೆ 141ನೆಯ ಪುಟದಿಂದಲ್ಲ. ನಾಲ್ಕು ಮತ್ತು ಐದನೆಯ ಅಧ್ಯಾಯಗಳನ್ನು ಹರಿಯದೆ ಪಕ್ಕಕ್ಕಿಟ್ಟು ಮೂರನೆಯದಕ್ಕೆ ಹಿಂತಿರುಗಿ. ಆ ಮಳೆಯ ಬೆಳಗ್ಗೆಯಿಂದ ಎರಡನೆಯ ಮದ್ದು ಬಿಡುವವರೆಗಿನ ನಲವತ್ತು ನಲವತ್ತೈದು ದಿನಗಳನ್ನು ಮಾತ್ರ ಬರೆಯಿರಿ. ಎಷ್ಟು ಪುಟವಾಗುತ್ತದೋ ಆಗಲಿ. ಸುಮಿತ್ರೆ ಕೋಣೆಯ ಬೀಗ ತೆಗೆದಾಗ ಅವಳ ಅತ್ತೆ ಎಲ್ಲಿದ್ದರು ಎಂದು ನಿಮ್ಮ ಹಸ್ತಪ್ರತಿಯಲ್ಲಿ ಇಲ್ಲ. ಮಗನ ಅಕ್ಷರದ ಕೆಳಗೆ ಸೊಸೆ ತಾರೀಕು ಬರೆದದ್ದನ್ನು ಅವರು ಎಂದಾದರೂ ಕಂಡರೇ, ಕಂಡು ಏನೆಂದರು? ಅದನ್ನು ಬರೆದಾಗ ನನಗೆ ಕಳುಹಿಸಿಕೊಡಿ, ಓದುತ್ತೇನೆ.